ಹಿಮವೀರರಿಗೆ ಬಿನ್ನವತ್ತಳೆ

(ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ಸೀಮೆಯ ಕನ್ನಡಿಗರು ಸಂಕ್ರಾಂತಿ ಸಮಾರಂಭದಲ್ಲಿ ಓದಿ ಅರ್ಪಿಸಲೆಂದು ಬರೆಸಿಟ್ಟುಕೊಂಡಿರುವ ಮಾನಪತ್ರ. ಸನ್ಮಾನಿತರ ಹೆಸರಿನ ಜಾಗವನ್ನು ಖಾಲಿ ಬಿಡಲಾಗಿದೆ. ಪ್ರತಿ ವರ್ಷ ಹೊಸಬರು ಸಿಗುತ್ತಾರೆ; ಕೆಲವು ವರ್ಷ ಹಳಬರೇ ಮತ್ತೆ ಸಿಗುತ್ತಾರೆ.)

ಮಾನ್ಯರೇ,

ಈ ಶಾಲೆಯ ಸಭಾಂಗಣದ ಹೊರಗೆ ಬೆಳಗಿನಿಂದ ಹಿಮ ಬೀಳುತ್ತಲೇ ಇದೆ. ಅರ್ಧದಷ್ಟು ಕುರ್ಚಿಗಳು ಖಾಲಿ. ಎಳ್ಳು ಬೆಲ್ಲದ ಪೊಟ್ಟಣಗಳು ಮೇಜಿನ ಮೇಲೆ ಕಟ್ಟಿದ ಹಾಗೇ ಇವೆ. ಕಾರ್ಯಕ್ರಮವನ್ನು ಮುಂದಿನ ವಾರಕ್ಕೆ ಹಾಕೋಣವೇ ಎಂದು ಸಮಿತಿ ಅಳುಕಿನಿಂದ ಕೇಳಿದಾಗ, "ಇಷ್ಟಕ್ಕೆಲ್ಲ ಹೆದರಿದ್ರೆ ಮಿಷಿಗನ್‌ನಲ್ಲಿ ಬಾಳೋಕಾಗುತ್ತೇನ್ರೀ" ಎಂದು ವಾಟ್ಸಾಪ್ ಗುಂಪಿನಲ್ಲಿ ಗುಡುಗಿ ನಮಗೆಲ್ಲ ಧೈರ್ಯ ತುಂಬಿದವರು ತಾವು. ತಮ್ಮ ಮಾತು ಕೇಳಿ ಬಂದ ನಾವಾದರೂ ಬಂದ ರೀತಿ ಹೇಳಿಕೊಳ್ಳುವಂಥದ್ದಲ್ಲ. ಒಂದು ಗಂಟೆ ಮುಂಚೆ ಹೊರಟು, ಮೂವತ್ತು ಮೈಲಿ ವೇಗ ದಾಟದೆ, ಮುಂದಿನ ಗಾಡಿಗೂ ನಮಗೂ ನಡುವೆ ಒಂದು ಮದುವೆ ಚಪ್ಪರ ಹಾಕುವಷ್ಟು ಜಾಗ ಬಿಟ್ಟುಕೊಂಡು, ಹೆದರಿದ ಮೊಲಗಳಾಗಿ ಬಂದೆವು. ಆ ಜಾಗವನ್ನು ನೋಡಿದೊಡನೆ ಅದು ತಮಗಾಗಿಯೇ ಬಿಟ್ಟದ್ದೆಂದು ತಿಳಿದು, ಬಲಗಡೆಯಿಂದ ನುಗ್ಗಿ ಅದರೊಳಗೆ ಸೇರಿಕೊಂಡು, ನಮ್ಮ ಗಾಜಿಗೆ ಉಪ್ಪುಗೆಸರು ಎರಚಿ ಮುಂದೆ ಸಾಗಿದ ಕಪ್ಪು ಬಣ್ಣದ ದೊಡ್ಡ ಗಾಡಿ ಯಾರದೆಂದು ಹೇಳಬೇಕಾಗಿಲ್ಲ. ಈಗಾಗಲೇ ಸಭೆಯಲ್ಲಿ ಪ್ರತಿಯೊಬ್ಬರೂ ಪಕ್ಕದವರ ಕಡೆ ನೋಡಿ ಮುಗುಳ್ನಗುತ್ತಿದ್ದಾರೆ.

ಚಾಲನಾಚತುರರೇ,

"ನಂದು ಆಲ್ ವೀಲ್ ಡ್ರೈವ್ ರೀ, ಏನಾಗಲ್ಲ" ಎಂಬುದು ತಮ್ಮ ಮೂಲಮಂತ್ರ. ಇಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚುವ ಆ ಯಂತ್ರಕೌಶಲವನ್ನು ನಾವೂ ಕಣ್ಣಾರೆ ಕಂಡು ಬೆರಗಾಗಿದ್ದೇವೆ. ಡ್ರೈವ್‌ವೇಯಲ್ಲಿ ಹೂತುಕೊಂಡ ಗಾಡಿಯನ್ನು ಅದು ಎಬ್ಬಿಸುತ್ತದೆ, ದಿಬ್ಬ ಹತ್ತಿಸುತ್ತದೆ. ಪಕ್ಕದ ಮನೆಯವರ ಪುಟ್ಟ ಕಾರು ನಿಂತಲ್ಲೇ ಚಕ್ರ ಗಿರಗಿರನೆ ತಿರುಗಿಸುತ್ತಿರುವಾಗ ತಾವು ಕೈಬೀಸಿ ಹೊರಟುಬಿಡುತ್ತೀರಿ. ಇಲ್ಲಿಯವರೆಗೆ ಎಲ್ಲರೂ ಒಪ್ಪುವ ಸಂಗತಿ. ತಮ್ಮ ದೊಡ್ಡತನ ಶುರುವಾಗುವುದು ಇದರ ನಂತರ. ಬ್ರೇಕು ಎಂಬುದು ಪ್ರತಿಯೊಂದು ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ, ಆ ಪಕ್ಕದ ಮನೆಯ ಪುಟ್ಟ ಕಾರಿನಲ್ಲೂ. ನಿಲ್ಲಿಸುವ ಹೊತ್ತಿಗೆ ಆಲ್ ವೀಲ್ ಡ್ರೈವ್‌ಗೆ ಮಾಡಲು ಯಾವ ಕೆಲಸವೂ ಉಳಿದಿರುವುದಿಲ್ಲ. ಎರಡು ಟನ್ ತೂಕದ ಗಾಡಿಗೂ ಮಂಜುಗಡ್ಡೆಗೂ ನಡುವೆ ಆಗ ಇರುವುದು ಅಂಗೈಯಗಲದ ನಾಲ್ಕು ರಬ್ಬರು ತುಂಡುಗಳು ಮಾತ್ರ. ಇಂಥ ಕ್ಷುಲ್ಲಕ ವಿವರಗಳಿಗೆ ತಾವು ಎಂದೂ ತಲೆ ಕೊಟ್ಟವರಲ್ಲ. ಹೊರಡುವ ಶಕ್ತಿಯುಳ್ಳವನಿಗೆ ನಿಲ್ಲುವ ಚಿಂತೆ ಏಕೆ?

ನಮ್ಮ ಸಮಿತಿಯಲ್ಲಿ ಲೆಕ್ಕ ಬಲ್ಲವರೊಬ್ಬರಿದ್ದಾರೆ. ಅವರು ಮಾಡಿಟ್ಟ ಲೆಕ್ಕವನ್ನು ತಮ್ಮ ಕೀರ್ತಿಗೆ ಕಳಶವಾಗಲೆಂದು ಇಲ್ಲಿ ಓದುತ್ತಿದ್ದೇವೆ. ಗಂಟೆಗೆ 60 ಮೈಲಿ ವೇಗದಲ್ಲಿ ಓಡುವ ಕಾರು, ಬ್ರೇಕು ಒತ್ತಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 160 ಅಡಿಯೊಳಗೆ ನಿಲ್ಲುತ್ತದೆ. ಅದೇ ಕಾರು, ಅದೇ ವೇಗ, ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಹತ್ತಿರ ಹತ್ತಿರ 1,200 ಅಡಿ ಬೇಕು. ಡೆಟ್ರಾಯ್ಟ್ ನಗರದ ಅಡಿಯಲ್ಲಿರುವ ಉಪ್ಪಿನ ಗಣಿ ನೆಲದಿಂದ ಎಷ್ಟು ಆಳದಲ್ಲಿದೆಯೋ ಅಷ್ಟು ಉದ್ದ. ಈ ಲೆಕ್ಕದಲ್ಲಿ ಕಣ್ಣು ಕಂಡದ್ದನ್ನು ಕಾಲು ತಿಳಿಯುವ ಹೊತ್ತು ಸೇರಿಲ್ಲ. ವೇಗ ಅರ್ಧಕ್ಕೆ ಇಳಿದರೆ ಈ ಉದ್ದ ಕಾಲುಭಾಗಕ್ಕೆ ಇಳಿಯುತ್ತದೆ ಎಂಬ ಗುಟ್ಟನ್ನೂ ಅವರು ಹೇಳಿದರು. ನಮ್ಮಂಥ ಪುಕ್ಕಲರು ಅದನ್ನೇ ನೆಚ್ಚಿಕೊಂಡು ಬದುಕಿದ್ದೇವೆ. ತಾವು ಮಾತ್ರ ಹೆದ್ದಾರಿಯಲ್ಲಿ ಮುಂದಿನ ಗಾಡಿಯಿಂದ ಎರಡು ಕಾರಿನಷ್ಟು ಅಂತರವಿಟ್ಟು, ಉಳಿದ ಸಾವಿರ ಚಿಲ್ಲರೆ ಅಡಿಗಳನ್ನು ಭಗವಂತನಿಗೆ ಬಿಟ್ಟವರು. ಭಕ್ತಿ ಎಂದರೆ ಇದು.

ಜಾಹೀರಾತುಗಳನ್ನು ಪೂರ್ತಿ ನಂಬುವ ನಿಷ್ಕಪಟ ಮನಸ್ಸು ತಮ್ಮದು. 1986ರಲ್ಲಿ ಆಡಿ ಕಂಪನಿಯವರು ಫಿನ್‌ಲ್ಯಾಂಡಿನ ಕೈಪೋಲದಲ್ಲಿ ಹಿಮದ ಮೇಲೆ ಜಾರಿ ಹಾರುವ ಆಟಕ್ಕೆಂದು ಕಟ್ಟಿದ ಇಳಿಜಾರನ್ನು ಕೆಳಗಿನಿಂದ ಮೇಲಕ್ಕೆ ಕಾರಿನಲ್ಲಿ ಹತ್ತಿ ತೋರಿಸಿದರು. ಆ ದೃಶ್ಯ ಕಂಡ ಮೇಲೆ ಯಾವ ಗಂಡಸಿನ ಎದೆ ತಾನೇ ಉಬ್ಬುವುದಿಲ್ಲ? ಆ ಕಾರಿನ ಟೈರುಗಳಿಗೆ ಮೊಳೆ ಹೊಡೆದಿದ್ದರು. ಈ ಸಣ್ಣ ಸಂಗತಿಯನ್ನು ಮರೆತು ನೆನಪಿಟ್ಟುಕೊಳ್ಳಬೇಕಾದದ್ದನ್ನು ಮಾತ್ರ ನೆನಪಿಟ್ಟುಕೊಂಡಿದ್ದೀರಿ. ಅದೂ ಹತ್ತಿದ್ದರ ನೆನಪು. ಆ ಇಳಿಜಾರಿನಲ್ಲಿ ಕಾರನ್ನು ಇಳಿಸುವುದು ಹೇಗೆಂದು ತಲೆ ಕೆಡಿಸಿಕೊಂಡವರನ್ನು ನಾವಂತೂ ಕಂಡಿಲ್ಲ.

ಮಿತವ್ಯಯಿಗಳೇ,

ಚಳಿಗಾಲಕ್ಕೆ ಬೇರೆ ಟೈರು ಎಂಬ ದುಂದುಗಾರಿಕೆಗೆ ತಾವು ಎಂದೂ ಇಳಿದಿಲ್ಲ. ಗಾಡಿ ಕೊಳ್ಳುವಾಗ ಆಕಾಶ ಕಾಣುವ ಗಾಜಿನ ಸೂರು, ಬಿಸಿಯಾಗುವ ಸ್ಟೀರಿಂಗು, ಹದಿನಾಲ್ಕು ಸ್ಪೀಕರು ಎಲ್ಲಕ್ಕೂ ಉದಾರವಾಗಿ ಕೈ ಬಿಚ್ಚಿದಿರಿ. ನೆಲಕ್ಕೆ ತಾಗುವ ವಸ್ತುವಿನ ಪ್ರಸ್ತಾಪ ಬಂದಾಗ ಮಾತ್ರ, "ಆಲ್ ಸೀಸನ್ ಅಂತ ಟೈರ್ ಮೇಲೇ ಬರೆದಿದೆಯಲ್ಲ, ವಿಂಟರ್ ಸೀಸನ್ ಅಲ್ವಾ" ಎಂದು ಕೇಳಿ ಅಂಗಡಿಯವನ ಬಾಯಿ ಕಟ್ಟಿದಿರಿ. ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ರಬ್ಬರಿನ ಶಾಸ್ತ್ರದಲ್ಲಿ ಮಾತ್ರ ಒಂದಿಷ್ಟಿದೆ. ತಾಪಮಾನ 45 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಮಾಮೂಲಿ ಟೈರಿನ ರಬ್ಬರು ಫ್ರಿಜ್ಜಿನಲ್ಲಿ ಮರೆತ ಹೋಳಿಗೆಯ ಹಾಗೆ ಬಿರುಸಾಗತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರು ಆಗಲೂ ಮೆತ್ತಗಿದ್ದು ನೆಲ ಹಿಡಿಯುತ್ತದೆ. ಅಂಥ ಟೈರಿನ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು ಇರುವ ಗುರುತು ಇರುತ್ತದೆ. ಹಿಮದಲ್ಲಿ ಪರೀಕ್ಷೆ ಮಾಡಿ ಕೊಟ್ಟ ಗುರುತು. ತಮ್ಮ ಟೈರಿನ ಮೇಲೆ 'ಎಂ ಪ್ಲಸ್ ಎಸ್' ಎಂದಷ್ಟೇ ಇದೆ. ಕೆಸರು ಮತ್ತು ಹಿಮ ಎಂದು ಅದರ ಅರ್ಥ. ಆ ಅಕ್ಷರಗಳನ್ನು ಅಚ್ಚೊತ್ತಲು ಹಿಮದಲ್ಲಿ ಯಾವ ಪರೀಕ್ಷೆಯನ್ನೂ ಪಾಸು ಮಾಡಬೇಕಾಗಿಲ್ಲ, ಟೈರಿನ ಕಚ್ಚುಗಳ ಆಕಾರ ಸರಿಯಿದ್ದರೆ ಸಾಕು. ಪರೀಕ್ಷೆಯಿಲ್ಲದೆ ಪದವಿ ಪಡೆದವರ ಮೇಲೆ ತಮಗಿರುವ ವಿಶ್ವಾಸ ದೊಡ್ಡದು.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ನಾರ್ವೆಯಲ್ಲಿ ಲೈಸೆನ್ಸು ಕೈಗೆ ಬರಬೇಕಾದರೆ ಜಾರುವ ಟ್ರ್ಯಾಕಿನ ಮೇಲೆ ಗಾಡಿ ಓಡಿಸಿ, ಬೇಕೆಂದೇ ಜಾರಿಸಿ, ಹಿಡಿತ ತಪ್ಪುವುದು ಹೇಗಿರುತ್ತದೆಂದು ಮೈಗೆ ಹತ್ತಿಸಿಕೊಳ್ಳಬೇಕು. ಅಲ್ಲಿಯ ಜನ ಪಾಪ, ಹುಟ್ಟಿದಂದಿನಿಂದ ಹಿಮ ಕಂಡೂ ಇನ್ನೂ ಪಾಠ ಹೇಳಿಸಿಕೊಳ್ಳುತ್ತಿದ್ದಾರೆ. ನಮ್ಮ ಮಿಷಿಗನ್ ಸರ್ಕಾರ ಎರಡನ್ನೂ ಕೇಳಿಲ್ಲ. ಅದು ತಮ್ಮ ಮೇಲಿಟ್ಟ ಗೌರವ ಅಷ್ಟಿಷ್ಟಲ್ಲ.

ಅನುಭವಶಾಲಿಗಳೇ,

"ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಗಾಡಿ ಓಡಿಸಿದವನಿಗೆ ಇದ್ಯಾವ ಲೆಕ್ಕ" ಎಂಬ ತಮ್ಮ ಮಾತಿಗೆ ಬೆಂಗಳೂರಿನಿಂದ ಬಂದ ನಾವ್ಯಾರೂ ಎದುರಾಡಲಾರೆವು. ಬಸ್ಸಿಗೂ ಟೆಂಪೋಗೂ ನಡುವಿನ ಗೇಣು ಜಾಗದಲ್ಲಿ ಕನ್ನಡಿ ಮಡಚಿಕೊಂಡು ತೂರಿದ ಆ ಕೈಚಳಕ ನಿಜವಾಗಿಯೂ ದೊಡ್ಡದು. ಒಂದೇ ಕೊರತೆ: ಅಲ್ಲಿ ಜಾರುವುದಕ್ಕೆ ಬೇಕಾದ ವೇಗ ಯಾರಿಗೂ ಸಿಗುವುದಿಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಜಡಿಮಳೆಯಲ್ಲಿ, ದಟ್ಟ ಮಂಜಿನಲ್ಲಿ ಇಳಿದ ಕಥೆಯನ್ನೂ ತಮ್ಮಿಂದ ಕೇಳಿದ್ದೇವೆ. ನೆನೆದ ಡಾಂಬರು ಎಷ್ಟೇ ನೆನೆದಿದ್ದರೂ ಮಂಜುಗಡ್ಡೆಗಿಂತ ಹಲವು ಪಟ್ಟು ಬಿಗಿಯಾಗಿ ಟೈರನ್ನು ಹಿಡಿದುಕೊಳ್ಳುತ್ತದೆ ಎಂದು ಹೇಳಿ ಆ ಕಥೆಯ ರಸ ಕೆಡಿಸುವ ಉದ್ದೇಶ ನಮಗಿಲ್ಲ. ಕಥೆ ಹೇಳುವಾಗ ತಾವು ಎರಡೂ ಕೈಗಳನ್ನು ಸ್ಟೀರಿಂಗಿನಿಂದ ತೆಗೆದು ತಿರುವುಗಳನ್ನು ಗಾಳಿಯಲ್ಲಿ ಬರೆದು ತೋರಿಸಿದಾಗ ಹಿಂದಿನ ಸೀಟಿನಲ್ಲಿದ್ದ ನಮ್ಮ ಖಜಾಂಚಿಯವರು ಈ ವರ್ಷದ ಲೆಕ್ಕಪತ್ರವನ್ನು ಮನಸ್ಸಿನಲ್ಲೇ ಇನ್ನೊಬ್ಬರಿಗೆ ಒಪ್ಪಿಸಿಬಿಟ್ಟಿದ್ದರಂತೆ.

ದೂರದರ್ಶಿಗಳೇ,

ರಾತ್ರಿಯಿಡೀ ಬಯಲಲ್ಲಿ ನಿಂತ ಗಾಡಿಯ ಮೇಲಿನ ಹಿಮವನ್ನೆಲ್ಲ ಬ್ರಷ್ಷಿನಿಂದ ಬಳಿದು ಹಾಕಲು ನಮಗೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ತಮಗೆ ಅರ್ಧ ನಿಮಿಷ. ಚಾಲಕನ ಮುಖದ ನೇರಕ್ಕೆ ಒಂದು ತಟ್ಟೆಯಗಲ ಗಾಜು ಕೆರೆದುಕೊಂಡರೆ ತಮ್ಮ ಲೋಕ ಕಾಣಿಸುತ್ತದೆ. ಪಕ್ಕದ ಗಾಜು, ಹಿಂದಿನ ಗಾಜು, ಕನ್ನಡಿಗಳ ಹಂಗು ತಮಗಿಲ್ಲ, ಹಿಂದಿನದನ್ನು ಹಿಂತಿರುಗಿ ನೋಡುವ ಸ್ವಭಾವವೇ ತಮ್ಮದಲ್ಲ. ಸೂರಿನ ಮೇಲೆ ಕೂತ ಮುಕ್ಕಾಲು ಅಡಿ ಹಿಮ ತಮ್ಮೊಡನೆ ಹೆದ್ದಾರಿಗೂ ಬರುತ್ತದೆ. ವೇಗ ಹೆಚ್ಚಿದಾಗ ಅದು ಹಾಳೆಹಾಳೆಯಾಗಿ ಎದ್ದು ಹಿಂದಿನವರ ಮುಂಗಾಜಿನ ಮೇಲೆ ಹೂಮಳೆಗರೆಯುತ್ತದೆ. ತಾವೇ ಯಾವಾಗಲಾದರೂ ಮನಸ್ಸು ಬದಲಿಸಿ ಬ್ರೇಕು ಒತ್ತಿದರೆ ಅಷ್ಟೂ ಮುಂದಕ್ಕೆ ಜಾರಿ ತಮ್ಮದೇ ಗಾಜನ್ನು ಮುಚ್ಚುತ್ತದೆ. ಬ್ರೇಕು ಒತ್ತಬಾರದೆಂಬ ತಮ್ಮ ಸಿದ್ಧಾಂತಕ್ಕೆ ಪ್ರಕೃತಿಯೇ ಒದಗಿಸಿದ ಸಮರ್ಥನೆ ಅದು.

ಒಮ್ಮೆ ತಡವಾಯಿತೆಂದು ಕೊತಕೊತ ಕುದಿಯುವ ನೀರನ್ನು ಹೆಪ್ಪುಗಟ್ಟಿದ ಗಾಜಿನ ಮೇಲೆ ಸುರಿದಿರಿ. ಗಾಜು ಈ ಕಡೆಯಿಂದ ಆ ಕಡೆಗೆ ಬಿರುಕು ಬಿಟ್ಟಿತು. ಗಾಜಿನ ಗುಣಮಟ್ಟ ಈಗ ಮೊದಲಿನಂತಿಲ್ಲ.

ಗೃಹಸ್ಥರೇ,

ಟಿವಿಯಲ್ಲಿ ಹಿಮಬಿರುಗಾಳಿಯ ಎಚ್ಚರಿಕೆ ಬಂದ ದಿನ ಊರೆಲ್ಲ ಮನೆ ಸೇರುತ್ತದೆ. ತಾವು ಆಗ ಮೊಸರು ಮುಗಿದಿರುವುದನ್ನು ಗಮನಿಸುತ್ತೀರಿ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗಾಗಿ ಹನ್ನೊಂದು ಮೈಲಿ ದೂರದ ಇಂಡಿಯನ್ ಅಂಗಡಿಗೆ ಹೊರಟುನಿಲ್ಲುತ್ತೀರಿ. ಅಂಗಡಿ ತೆರೆದಿದೆಯೇ ಎಂದು ಫೋನು ಮಾಡುವುದು ತಮ್ಮ ಘನತೆಗೆ ತಕ್ಕದ್ದಲ್ಲ. ಪಕ್ಕದ ಸೀಟಿನಲ್ಲಿ ತಮ್ಮ ಶ್ರೀಮತಿಯವರು ಬಾಗಿಲ ಮೇಲಿನ ಹಿಡಿಯನ್ನು ಬಲಗೈಯಲ್ಲಿ ಭದ್ರವಾಗಿ ಹಿಡಿದು, ಬಲಗಾಲಿನಿಂದ ಖಾಲಿ ನೆಲವನ್ನು ಒತ್ತುತ್ತ ಕೂತಿರುತ್ತಾರೆ. ಆ ಗಾಡಿಯಲ್ಲಿ ಬ್ರೇಕಿನ ಬಗ್ಗೆ ಯೋಚಿಸುವ ಜೀವ ಅವರೊಬ್ಬರೇ. ಅವರನ್ನೂ ವೇದಿಕೆಗೆ ಕರೆಯಬೇಕೆಂದಿತ್ತು. ಟ್ಯಾಕ್ಸಿಯಲ್ಲಿ ಬರುತ್ತೇನೆಂದು ತಿಳಿಸಿದ್ದಾರೆ.

ನಿರ್ಭೀತರೇ,

ಹಿಮವಾದರೂ ಬಿಳುಪಾಗಿ ಕಣ್ಣಿಗೆ ಕಂಡು ತಾನಿದ್ದೇನೆಂದು ಸಾರುತ್ತದೆ. ಬ್ಲ್ಯಾಕ್ ಐಸ್ ಎಂಬ ಕಳ್ಳ ಹಾಗಲ್ಲ. ಗಾಜಿನಷ್ಟು ತಿಳಿಯಾದ ತೆಳು ಪದರವಾಗಿ ಡಾಂಬರಿನ ಮೇಲೆ ಕೂತು, ರಸ್ತೆ ನೆನೆದಿದೆ ಅಷ್ಟೇ ಎಂಬ ನಟನೆ ಮಾಡುತ್ತದೆ. ಸೇತುವೆಗಳ ಮೇಲೆ ಇದು ಮೊದಲು ಕಟ್ಟುತ್ತದೆ. ಸೇತುವೆಗೆ ಕೆಳಗಿನಿಂದಲೂ ಗಾಳಿ ಬಡಿಯುತ್ತದೆ, ನೆಲದ ಬೆಚ್ಚಗಿನ ಆಸರೆ ಅದಕ್ಕಿಲ್ಲ. ರಸ್ತೆಗಿಂತ ಮೊದಲು ಸೇತುವೆ ಹೆಪ್ಪುಗಟ್ಟುತ್ತದೆಂದು ಈ ದೇಶದ ತುಂಬ ಬೋರ್ಡು ಹಾಕಿದ್ದಾರೆ. ಬೇಸಿಗೆಯ ಬಿಸಿಲಲ್ಲೂ ಅದೇ ಬೋರ್ಡು ನಿಂತಿರುವುದನ್ನು ನೋಡಿ ನೋಡಿ ತಾವು ಅದನ್ನು ಓದುವುದು ಬಿಟ್ಟಿದ್ದೀರಿ. ಸರಿಯಾದದ್ದೇ. ಜುಲೈನಲ್ಲಿ ಸುಳ್ಳು ಹೇಳಿದ ಬೋರ್ಡನ್ನು ಜನವರಿಯಲ್ಲಿ ಯಾರು ನಂಬುತ್ತಾರೆ?

ರಸ್ತೆ ನೆನೆದಂತೆ ಕಂಡರೂ ಮುಂದಿನ ಗಾಡಿಯ ಚಕ್ರಗಳಿಂದ ನೀರು ಚಿಮ್ಮುವುದು ನಿಂತುಹೋಗಿದ್ದರೆ ಅದು ನೀರಲ್ಲ, ಗಡ್ಡೆ ಎಂದು ಹಳಬರು ಕಂಡುಹಿಡಿಯುತ್ತಾರೆ. ಇಂಥ ಹೇಡಿ ಲಕ್ಷಣಗಳನ್ನು ಹುಡುಕುತ್ತ ತಾವು ಕಾಲ ಕಳೆಯುವುದಿಲ್ಲ. ಕ್ರೂಸ್ ಕಂಟ್ರೋಲ್ ಹಾಕಿ ಕಾಲನ್ನು ಮಡಚಿ ಕೂರುತ್ತೀರಿ. ಗಡ್ಡೆಯ ಮೇಲೆ ವೇಗ ಸ್ವಲ್ಪ ತಗ್ಗಿತೆನ್ನಿ, ಯಂತ್ರವೇ ನಿಷ್ಠೆಯಿಂದ ಇನ್ನಷ್ಟು ಇಂಧನ ಕೊಟ್ಟು ಚಕ್ರಗಳನ್ನು ತಿರುಗಿಸಿ ತಮ್ಮ ಕೆಲಸವನ್ನು ಹಗುರ ಮಾಡುತ್ತದೆ. ಗಾಡಿಯ ಹಿಂಭಾಗ ಎಡಕ್ಕೆ ಜಾರಿದರೆ ಸ್ಟೀರಿಂಗನ್ನೂ ಮೆಲ್ಲಗೆ ಎಡಕ್ಕೇ ತಿರುಗಿಸಿ, ಹೋಗಬೇಕಾದ ದಿಕ್ಕಿನಲ್ಲಿ ಕಣ್ಣಿಡಬೇಕು ಎಂದು ಕಲಿಸುವವರು ಹೇಳುತ್ತಾರೆ. ಕಣ್ಣು ಹೋದಲ್ಲಿ ಕೈ ಹೋಗುತ್ತದಂತೆ. ತಮ್ಮ ಕಣ್ಣು ಮಾತ್ರ ರಸ್ತೆಯಂಚಿನ ದೀಪದ ಕಂಬವನ್ನು ಬಿಟ್ಟು ಕದಲುವುದಿಲ್ಲ. ಗುರಿಯ ಮೇಲೆ ದೃಷ್ಟಿಯಿಟ್ಟ ಅರ್ಜುನನೂ ಇಷ್ಟು ನಿಖರವಾಗಿ ಹೊಡೆದಿರಲಾರ.

ಇನ್ನು ಎಬಿಎಸ್. ಚಕ್ರ ಕಚ್ಚಿಕೊಂಡು ಜಾರದ ಹಾಗೆ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಹಿಡಿದು ಬಿಡುವ ಈ ವ್ಯವಸ್ಥೆ ಕೆಲಸ ಮಾಡುವಾಗ ಪೆಡಲು ಕಾಲಡಿಯಲ್ಲಿ ಗಡಗಡ ನಡುಗುತ್ತದೆ, ಕೆಳಗೆಲ್ಲೋ ಗರಗರ ಸದ್ದು ಬರುತ್ತದೆ. ಆಗ ಒತ್ತಿದ ಕಾಲನ್ನು ತೆಗೆಯದೆ ಒತ್ತಿಯೇ ಇರಬೇಕು. ಹಾಗಿದ್ದರೆ ಸ್ಟೀರಿಂಗ್ ಮಾತು ಕೇಳುತ್ತದೆ. ತಾವು ಒಂದು ದಿನ ಸದ್ದು ಕೇಳಿದೊಡನೆ ಗಾಡಿಗೆ ಏನೋ ಆಯಿತೆಂದು ಮರುಗಿ ಕಾಲು ತೆಗೆದಿರಿ. ಯಂತ್ರದ ನೋವಿಗೂ ಕರಗುವ ಹೃದಯ.

ಅಂದು ಗಾಡಿ ಹಳ್ಳಕ್ಕಿಳಿಯಿತು. ಹಳ್ಳದಲ್ಲಿ ಓರೆಯಾಗಿ ಕೂತೇ ತಾವು ಫೋಟೋ ತೆಗೆದು, "ಎದುರಿಗಿದ್ದವನು ಸಡನ್ನಾಗಿ ಬ್ರೇಕ್ ಹೊಡೆದ" ಎಂದು ಗುಂಪಿಗೆ ಕಳಿಸಿದಿರಿ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆ ಅಕ್ಷರಶಃ ನಿಜವಾದ ಸಂದರ್ಭ ನಮಗೆ ತಿಳಿದಮಟ್ಟಿಗೆ ಅದೊಂದೇ. ಮಣ್ಣು ಎರಡಡಿ ಹಿಮದ ಕೆಳಗಿತ್ತು.

ಶೀಘ್ರಗಾಮಿಗಳೇ,

ಕಿತ್ತಳೆ ದೀಪ ಮಿನುಗಿಸುತ್ತ ಗಂಟೆಗೆ ಮೂವತ್ತು ಮೈಲಿಯಲ್ಲಿ ಹಿಮ ಬಾಚುತ್ತ ಉಪ್ಪು ಚೆಲ್ಲುತ್ತ ಹೋಗುವ ಪ್ಲೌ ಲಾರಿಯ ಹಿಂದೆ ನಾವೆಲ್ಲ ದೂರದಲ್ಲಿ ಸಾಲುಗಟ್ಟಿ ಬರುತ್ತಿರುತ್ತೇವೆ. ತಾವು ಅದನ್ನು ಹಿಂದೆ ಹಾಕುತ್ತೀರಿ. ಅದರ ಹಿಂದೆ ಇರುವುದು ಗುಡಿಸಿ ಉಪ್ಪು ಹಾಕಿದ ರಸ್ತೆ, ಅದರ ಮುಂದೆ ಇರುವುದು ಇನ್ನೂ ಯಾರೂ ಮುಟ್ಟದ ರಸ್ತೆ. ಗುಡಿಸಿದ್ದನ್ನು ಬಿಟ್ಟು ಗುಡಿಸದ್ದನ್ನು ಹುಡುಕಿಕೊಂಡು ಹೋಗುವುದು ಸಾಹಸಿಗಳ ಲಕ್ಷಣ. ಉಪ್ಪು ಬಿದ್ದ ಮೇಲೆ ಚಿಂತೆಯಿಲ್ಲವೆಂಬ ನಂಬಿಕೆಯೂ ತಮ್ಮದು. ಸುಮಾರು 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಮಾಮೂಲಿ ಉಪ್ಪು ಹೆಚ್ಚೇನೂ ಕರಗಿಸುವುದಿಲ್ಲ, ಗಾಡಿಯ ತಳ ತಿನ್ನುವ ಕೆಲಸ ಮಾತ್ರ ಮಾಡುತ್ತದೆ. ಡೆಟ್ರಾಯ್ಟಿನ ಉಪ್ಪು ತಿಂದ ಮೇಲೆ ಅದರ ಶಕ್ತಿಯನ್ನು ಸಂದೇಹಿಸುವುದು ಕೃತಘ್ನತೆ ಎಂದು ತಾವು ಭಾವಿಸಿದ್ದೀರೋ ಏನೋ.

ಹೆದ್ದಾರಿಯ ಬೋರ್ಡಿನಲ್ಲಿ 70 ಎಂದು ಬರೆದಿರುವುದನ್ನು ತಾವು ಅಪ್ಪಣೆಯೆಂದು ಓದಿಕೊಳ್ಳುತ್ತೀರಿ. ರಸ್ತೆಯ, ಹವೆಯ ಸ್ಥಿತಿಗೆ ತಕ್ಕ ವೇಗದಲ್ಲಿ ಹೋಗದಿದ್ದರೆ ಬೋರ್ಡಿನ ಮಿತಿಯೊಳಗಿದ್ದರೂ ಮಿಷಿಗನ್ ಪೊಲೀಸರು ಚೀಟಿ ಬರೆಯಬಹುದು. ಆ ಚೀಟಿ ತಮಗೆ ಬರೆದದ್ದು ಹಳ್ಳದಿಂದ ಗಾಡಿ ಎತ್ತುತ್ತಿರುವಾಗ. ಬಿದ್ದವನ ಮೇಲೆ ಆಳಿಗೊಂದು ಕಲ್ಲು.

ಲೋಕೋಪಕಾರಿಗಳೇ,

ತಾವಿಲ್ಲದಿದ್ದರೆ ಈ ಸೀಮೆಯ ಟೋ ಟ್ರಕ್ಕಿನವರು, ಡೊಂಕು ತಿದ್ದಿ ಬಣ್ಣ ಹೊಡೆಯುವವರು, ವಿಮೆಯ ಕಂತು ಏರಿಸುವ ಗುಮಾಸ್ತರು ಚಳಿಗಾಲದಲ್ಲಿ ಏನು ತಿನ್ನಬೇಕಾಗಿತ್ತೋ ತಿಳಿಯದು. ತಮ್ಮ ಗಾಡಿಯನ್ನು ಎತ್ತಲು ಬಂದವನು ರಸ್ತೆಯಂಚಿನಲ್ಲಿ ಹಳದಿ ದೀಪ ಹಾಕಿಕೊಂಡು, ಸರಪಳಿ ಬಿಗಿಯುತ್ತ, ತಮ್ಮಂಥ ಇನ್ನೊಬ್ಬರು ಅದೇ ಜಾಗಕ್ಕೆ ಅದೇ ವೇಗದಲ್ಲಿ ಬರುವುದನ್ನು ಬೆನ್ನಿನಿಂದಲೇ ನಿರೀಕ್ಷಿಸುತ್ತಿದ್ದ. ದೀಪ ಕಂಡರೆ ವೇಗ ತಗ್ಗಿಸಿ ಪಕ್ಕದ ಸಾಲಿಗೆ ಸರಿಯಬೇಕೆಂಬ ಕಾನೂನು ಇಲ್ಲಿದೆ. ಕಾನೂನಿಗೂ ಭೌತಶಾಸ್ತ್ರಕ್ಕೂ ಜಗಳ ಬಿದ್ದಾಗ ಯಾರು ಗೆಲ್ಲುತ್ತಾರೆಂದು ಅವನಿಗೆ ಗೊತ್ತಿತ್ತು.

ತಮ್ಮ ಬಳಗ ಒಗ್ಗಟ್ಟಿನಿಂದ ದುಡಿದರೆ ಏನಾಗಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ದಾಖಲೆಯಿದೆ. 2015ರ ಜನವರಿ 9ರಂದು ಕಲಮಜೂ ಮತ್ತು ಬ್ಯಾಟಲ್ ಕ್ರೀಕ್ ನಡುವೆ, ಗೇಲ್ಸ್‌ಬರ್ಗ್ ಬಳಿ, ಐ-94 ಹೆದ್ದಾರಿಯಲ್ಲಿ 193 ವಾಹನಗಳು ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡವು. ಮಿಷಿಗನ್ ಸರೋವರದ ಮೇಲಿಂದ ಬೀಸುವ ತಣ್ಣನೆಯ ಗಾಳಿ ಸರೋವರದ ತೇವ ಹೀರಿಕೊಂಡು ಬಂದು ಆ ಭಾಗದಲ್ಲಿ ಹಿಮವಾಗಿ ಸುರಿಯುತ್ತದೆ. ಈಗ ನಿರ್ಮಲ ಆಕಾಶ, ಇನ್ನೊಂದು ಮೈಲಿಗೆ ಬರೀ ಬಿಳಿ ಗೋಡೆ. ಆ ಗೋಡೆಯೊಳಗೆ ಏನಿದೆಯೆಂದು ತಿಳಿಯದಿದ್ದರೂ ವೇಗ ತಗ್ಗಿಸದೆ ಹೊಕ್ಕವರು ಒಬ್ಬರ ಹಿಂದೊಬ್ಬರು. ಸಾಲಿನಲ್ಲಿ ಪಟಾಕಿ ತುಂಬಿದ ಲಾರಿಯೊಂದಿತ್ತು, ಹತ್ತಿಕೊಂಡು ಹಗಲಿನಲ್ಲೇ ಬಾಣಬಿರುಸು ಹಾರಿತು. ಫಾರ್ಮಿಕ್ ಆಮ್ಲ ಹೊತ್ತ ಇನ್ನೊಂದು ಲಾರಿಯೂ ಇತ್ತು, ಸುತ್ತಲಿನವರನ್ನು ದೂರ ಸಾಗಿಸಬೇಕಾಯಿತು. ಒಬ್ಬ ಲಾರಿ ಚಾಲಕ ಸತ್ತ. ಹಬ್ಬದ ಸಭೆಯಲ್ಲಿ ಆ ಮಾತು ಬೇಡವೆಂದು ಕೆಲವರು ಸೂಚಿಸಿದ್ದರು. ಬರೆದಾಗಿದೆ, ಓದಿಬಿಟ್ಟೆವು.

2022ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಹಿಮಬಿರುಗಾಳಿ ಎದ್ದಾಗ ರಸ್ತೆಗಿಳಿಯಬಾರದೆಂದು ಆಜ್ಞೆಯೇ ಆಗಿತ್ತು. ಆದರೂ ಇಳಿದ, ಇಳಿದು ಸಿಕ್ಕಿಕೊಂಡ ಗಾಡಿಗಳು ದಾರಿಗಡ್ಡವಾಗಿ ನಿಂತದ್ದರಿಂದ ಹಿಮ ಬಾಚುವ ಯಂತ್ರಗಳಿಗೂ ಆಂಬುಲೆನ್ಸುಗಳಿಗೂ ದಾರಿ ಸಿಗಲಿಲ್ಲ. ಹೊರಡುವ ಹುಮ್ಮಸ್ಸು ಇದ್ದವರು ಕೊನೆಗೆ ನಿಂತದ್ದು ಬೇರೆಯವರ ದಾರಿಯಲ್ಲಿ.

ಅಟ್ಲಾಂಟಾದವರನ್ನು ಕಂಡು ತಾವು ನಕ್ಕ ನಗು ನಮಗಿನ್ನೂ ನೆನಪಿದೆ. 2014ರ ಜನವರಿ 28ರಂದು ಅಲ್ಲಿ ಬಿದ್ದದ್ದು ಎರಡು ಚಿಲ್ಲರೆ ಇಂಚು ಹಿಮ. ಕಚೇರಿ, ಶಾಲೆಗಳೆಲ್ಲ ಒಂದೇ ಹೊತ್ತಿಗೆ ಬಿಟ್ಟು, ಊರಿಗೆ ಊರೇ ಒಟ್ಟಿಗೆ ರಸ್ತೆಗಿಳಿದು, ಒಟ್ಟಿಗೆ ನಿಂತಿತು. ಸಾವಿರಾರು ಮಕ್ಕಳು ಶಾಲೆಯಲ್ಲೇ ರಾತ್ರಿ ಕಳೆದರು, ಹೆದ್ದಾರಿಯಲ್ಲೇ ಒಂದು ಹೆಣ್ಣು ಕೂಸು ಹುಟ್ಟಿತು. "ಎರಡಿಂಚಿಗೆ ಇಷ್ಟು ರಂಪಾಟ!" ಎಂದು ತಾವು ಗೇಲಿ ಮಾಡಿದಿರಿ. ಅಲ್ಲಿಯವರಿಗೆ ಹಿಮ ಅಪರೂಪ, ಗುಡಿಸುವ ಲಾರಿಗಳೂ ಕಡಿಮೆ, ಅಭ್ಯಾಸವಿಲ್ಲದೆ ಜಾರಿದರು. ವರ್ಷಕ್ಕೆ ನಾಲ್ಕು ತಿಂಗಳು ಹಿಮ ಕಂಡೂ ಜಾರುವುದಕ್ಕೆ ಬೇಕಾದ ಸಾಧನೆ ಬೇರೆಯ ಮಟ್ಟದ್ದು. ಮತ್ತೆ ತವರಿನ ಕಡೆ ನೋಡಿದರೆ ಅಲ್ಲಿಯೂ ತಮ್ಮ ಶಿಷ್ಯವರ್ಗ ಬೆಳೆಯುತ್ತಿದೆ. 2024ರ ಡಿಸೆಂಬರಿನಲ್ಲಿ ಮನಾಲಿಯ ಮೇಲಿನ ಸೋಲಂಗ್ ಬಳಿ ಸುಮಾರು ಸಾವಿರ ವಾಹನಗಳು ಹಿಮದಲ್ಲಿ ಸಿಕ್ಕಿಕೊಂಡು, ಐದು ಸಾವಿರದಷ್ಟು ಪ್ರವಾಸಿಗರನ್ನು ಪೊಲೀಸರು ಪಾರುಮಾಡಬೇಕಾಯಿತು. ಇಳಿಜಾರಿನಲ್ಲಿ ಚಾಲಕನಿಲ್ಲದೆ ತಂತಾವೇ ಪಕ್ಕಕ್ಕೆ ಹೊರಟ ಗಾಡಿಗಳ ವಿಡಿಯೋಗಳನ್ನು ತಾವೇ ನಮಗೆಲ್ಲ ಕಳಿಸಿ, "ಇವರಿಗೆ ಓಡಿಸೋಕೇ ಬರಲ್ಲ" ಎಂದು ವಿಮರ್ಶಿಸಿದ್ದೀರಿ.

ನಿರಾಡಂಬರರೇ,

ನಮ್ಮ ಡಿಕ್ಕಿಗಳಲ್ಲಿ ಕಂಬಳಿ, ಸಲಿಕೆ, ಟಾರ್ಚು, ಮರಳಿನ ಚೀಲ, ನೀರು, ಚಕ್ಕುಲಿ ಡಬ್ಬಿ ತುಂಬಿರುತ್ತವೆ. ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿಯಲು ನಾವು ಬಿಡುವುದಿಲ್ಲ. ತಮ್ಮ ಡಿಕ್ಕಿಯಲ್ಲಿರುವುದು ಕಳೆದ ಬೇಸಿಗೆಯ ಕ್ರಿಕೆಟ್ ಬ್ಯಾಟು. 2022ರ ಜನವರಿ 3 ಮತ್ತು 4ರಂದು ವರ್ಜೀನಿಯಾದ ಐ-95ರಲ್ಲಿ ನೂರಾರು ಗಾಡಿಗಳು ಹಿಮದಲ್ಲಿ ಸಿಕ್ಕಿಬಿದ್ದಾಗ ಸೆನೆಟರ್ ಟಿಮ್ ಕೇನ್ ಕೂಡ ಅವುಗಳ ನಡುವೆ ಇದ್ದರು. ವಾಷಿಂಗ್ಟನ್ ಮುಟ್ಟಲು ಅವರಿಗೆ 27 ಗಂಟೆ ಹಿಡಿಯಿತು. ದಾರಿಯಲ್ಲಿ ಫ್ಲಾರಿಡಾದಿಂದ ಮರಳುತ್ತಿದ್ದ ಒಂದು ಕುಟುಂಬ ನಿಂತ ಕಾರುಗಳ ಸಾಲಿನುದ್ದಕ್ಕೂ ನಡೆದು ಕಿತ್ತಳೆ ಹಂಚಿತಂತೆ. ಸೆನೆಟರಿಗೆ ಸಿಕ್ಕ ಕಿತ್ತಳೆ ತಮಗೂ ಸಿಗದೇ ಹೋದೀತೇ ಎಂಬ ನೆಚ್ಚಿಕೆ ತಮ್ಮದು. ಹಾಗೆ ನಿಂತಾಗ ಬೆಚ್ಚಗಿರಲೆಂದು ಇಂಜಿನ್ನು ಚಾಲೂ ಇಟ್ಟರೆ, ಹೊಗೆಯ ಕೊಳವೆಯ ಸುತ್ತ ಕೂತ ಹಿಮವನ್ನು ಆಗಾಗ ಇಳಿದು ಬಿಡಿಸಬೇಕು. ಇಲ್ಲದಿದ್ದರೆ ವಾಸನೆಯಿಲ್ಲದ ವಿಷಗಾಳಿ ಒಳಗೇ ಸೇರುತ್ತದೆ. ಈ ಒಂದು ವಾಕ್ಯವನ್ನು ಹೊಗಳಿಕೆಯಾಗಿ ತಿರುಗಿಸಲು ನಮ್ಮ ಸಮಿತಿಯಲ್ಲಿ ಯಾರಿಂದಲೂ ಆಗಲಿಲ್ಲ. ದಯವಿಟ್ಟು ಹಾಗೆಯೇ ಸ್ವೀಕರಿಸಬೇಕು.

ಸನ್ಮಾನಿತರೇ,

ತಮ್ಮ ಗುಣಗಾನ ಇನ್ನೂ ಮಾಡಬಹುದಿತ್ತು. ಹೊರಗೆ ಬೆಳಕು ಇಳಿಯುತ್ತಿದೆ, ತಾಪಮಾನವೂ ಇಳಿಯುತ್ತಿದೆ, ಮಧ್ಯಾಹ್ನ ಕರಗಿದ್ದೆಲ್ಲ ಮತ್ತೆ ಗಟ್ಟಿಯಾಗುವ ಹೊತ್ತು. ಆದ್ದರಿಂದ ಸಂಘದ ವತಿಯಿಂದ ತಮಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಅರ್ಪಿಸುತ್ತಿದ್ದೇವೆ. ಬುಟ್ಟಿಯಲ್ಲಿ ಕಿತ್ತಳೆ ಸ್ವಲ್ಪ ಹೆಚ್ಚಾಗಿಯೇ ಇಟ್ಟಿದ್ದೇವೆ. ಶಾಲು ಸಾಕಾಗಲಿಕ್ಕಿಲ್ಲವೆಂದು ಕಂಬಳಿಯೊಂದನ್ನೂ, ಹಿಡಿ ಮಡಚುವ ಸಲಿಕೆಯೊಂದನ್ನೂ ಸೇರಿಸಲಾಗಿದೆ.

ಕಾರ್ಯಕ್ರಮ ಮುಗಿದೊಡನೆ ಗೌರವಪೂರ್ವಕವಾಗಿ ತಾವೇ ಮೊದಲು ಹೊರಡಬೇಕೆಂದು ವಿನಂತಿ. ಉಪ್ಪಿನ ಲಾರಿ ಒಂದು ಸುತ್ತು ಬಂದು ಹೋಗುವವರೆಗೆ ನಾವೆಲ್ಲ ಇಲ್ಲೇ ಬಿಸಿಬೇಳೆಬಾತು ಮುಗಿಸುತ್ತಿರುತ್ತೇವೆ. ಮನೆಗೆ ಯಾವ ರಸ್ತೆ ಹಿಡಿಯುವಿರೆಂದು ಬಾಗಿಲಲ್ಲಿ ನಿಂತಿರುವ ಕಾರ್ಯದರ್ಶಿಯವರಿಗೆ ತಿಳಿಸಿ ಹೋಗಬೇಕು. ಉಳಿದ ಸದಸ್ಯರು ಇನ್ನೊಂದು ರಸ್ತೆಯಲ್ಲಿ ಬರಲು ಅನುಕೂಲವಾಗುತ್ತದೆ.

ಇಂತಿ ತಮ್ಮ ಅಭಿಮಾನಿಗಳು,
ಸಂಘದ ಪದಾಧಿಕಾರಿಗಳು ಹಾಗೂ ಬಂದು ತಲುಪಿದ ಸರ್ವ ಸದಸ್ಯರು